ಬಿಸಿಯಾದಾಗ ನಿಲ್ಲುವ ಗಾಡಿ

ಮನೆಯಿಂದ,
ಗುರುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯಾ? ಸೊಂಟನೋವು ಕಡಿಮೆಯಾಯಿತಾ? ಮಾವನ ಮನೆಯ ಮೆಟ್ಟಿಲು ಬಹಳ ಕಡಿದಾಗಿದೆ, ಅವಸರದಲ್ಲಿ ಹತ್ತಿ ಇಳಿಯಬೇಡ. ಅತ್ತೆ ನಿನಗೆ ಒಂದು ಲೋಟ ತೊಳೆಯಲೂ ಬಿಡುತ್ತಿಲ್ಲವಂತೆ. ನೀನು ಸುಮ್ಮನೆ ಕೂತಿರುವುದನ್ನು ಕಲ್ಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಇಲ್ಲಿ ಅಜ್ಜಿ ಆರೋಗ್ಯವಾಗಿದ್ದಾಳೆ. ಅಪ್ಪನನ್ನು ಬೈಯಲು ಬೇಕಾದಷ್ಟು ಶಕ್ತಿ ಇದೆ, ಅದನ್ನು ಬೇರೆ ಯಾವುದಕ್ಕೂ ಖರ್ಚು ಮಾಡುತ್ತಿಲ್ಲ. ನಾನೂ ಚೆನ್ನಾಗಿದ್ದೇನೆ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲವೆಂದು ನಿನಗೆ ಗೊತ್ತು. ಅದರ ಮೇಲೆ ಅಪ್ಪ ಪಕ್ಕದಲ್ಲೇ ನಿಂತು, ಮುಖವನ್ನು ಗೋಡೆಯ ಕಡೆ ತಿರುಗಿಸಿ ಕಿವಿಯನ್ನು ಮಾತ್ರ ನನ್ನ ಕಡೆ ಬಿಟ್ಟಿರುತ್ತಾರೆ. ಅದಕ್ಕೇ ಈ ಕಾಗದ.

ನಿನ್ನ ಲಾಡ್ಜುಗಳ ಬಟ್ಟೆಯ ವಿಷಯ ಮೊದಲು ಹೇಳಿಬಿಡುತ್ತೇನೆ, ನಿನಗೆ ಅದೇ ಚಿಂತೆಯಿರುತ್ತದೆ. ಬೆಡ್‌ಶೀಟು, ದಿಂಬಿನ ಕವರು ಒಗೆಯುವುದು, ಇಸ್ತ್ರಿ ಮಾಡುವುದು ಯಾವುದೂ ನಿಂತಿಲ್ಲ. ತಲುಪಿಸುವುದೇ ಕಷ್ಟ. ಬಾಡಿಗೆ ಗಾಡಿ ಸಿಕ್ಕಾಗ ಗಂಟುಗಳನ್ನು ಹೇರಿಕೊಂಡು ನಾನು ಹೋಗುತ್ತೇನೆ, ಸಿಗದಿದ್ದರೆ ತಡವಾಗುತ್ತದೆ. ದೊಡ್ಡ ಲಾಡ್ಜಿನ ಮ್ಯಾನೇಜರು ಹೋದ ವಾರ, "ನಿಮ್ಮಮ್ಮ ಇದ್ದಾಗ ನಾವು ಗಡಿಯಾರ ನೋಡ್ತಿರಲಿಲ್ಲ ಕಣಮ್ಮಾ, ಗಾಡಿ ಸದ್ದು ಕೇಳಿದ್ರೆ ಮೂರು ಗಂಟೆ ಅಂತ ಲೆಕ್ಕ. ಹೀಗೇ ಆದ್ರೆ ನಾವೂ ಬೇರೆ ಕಡೆ ನೋಡ್ಬೇಕಾಗುತ್ತೆ" ಎಂದರು. ನಾನು ನೆಲ ನೋಡಿಕೊಂಡು ನಿಂತೆ. ಒಳ್ಳೆಯ ಉತ್ತರವೊಂದು ಹೊಳೆಯಿತು, ಆದರೆ ಅಷ್ಟರಲ್ಲಿ ಮನೆ ಬಂದಿತ್ತು.

ಈಗ ಗಾಡಿಯ ಕಥೆ. ನೀನು ಬಸ್ಸು ಹತ್ತಿದ ಮೇಲೆ ಅಪ್ಪ ದಿನಾ ಬೆಳಿಗ್ಗೆ ಅದರಲ್ಲೇ ತಮ್ಮ ಟಿವಿ, ಫ್ಯಾನು ರಿಪೇರಿ ಅಂಗಡಿಗೆ ಹೋಗಿಬಂದರು. ಕೇಳಿದವರಿಗೆಲ್ಲ, ಕೇಳದವರಿಗೂ "ಒಂದು ಸಲಾನಾದ್ರೂ ನಿಂತಿತಾ?" ಎಂದು ಹೇಳಿದರು. ಮ್ಯಾನೇಜರ ಮಾತು ನಾನು ಬಂದು ತಿಳಿಸಿದ ಮರುದಿನ ಮಾತ್ರ ಗಂಟುಗಳನ್ನು ತಾವೇ ಹಿಂದಿನ ಸೀಟಿಗೆ ತುಂಬಿ, ನನ್ನನ್ನೂ ಕೂರಿಸಿಕೊಂಡು, ಸುಡು ಬಿಸಿಲಲ್ಲಿ ಹೊರಟರು. ಆ ಲಾಡ್ಜಿನ ಎದುರಿಗೇ ಎಂಜಿನ್ ಆರಿಹೋಯಿತು. ಅದೇ ಜಾಗ ಅಮ್ಮಾ. ನಿನ್ನ ಕೈಯಲ್ಲಿ ಗಾಡಿ ನಿಂತ ದಿನ, ಲಾಡ್ಜಿನ ಕೆಲಸದವರೆಲ್ಲ ನಿಂತು ನೋಡುತ್ತಿರುವಾಗ ಅಪ್ಪ "ಕ್ಲಚ್ ಒತ್ತೋಕೆ ಬರದವರ ಕೈಗೆ ಗಾಡಿ ಕೊಟ್ರೆ ಹೀಗೇ ಆಗೋದು" ಎಂದು ನಿನಗೆ ಹೇಳಿದ್ದರಲ್ಲ, ಅದೇ ಜಾಗ. ಅದೇ ಕೆಲಸದವರು ಬಂದು ತಳ್ಳಿದರು. ಅವರಲ್ಲೊಬ್ಬ ಕಿಟಕಿಗೆ ಬಗ್ಗಿ, ಬಹಳ ಮರ್ಯಾದೆಯಿಂದ, "ಏನ್ ಸಾರ್, ಕ್ಲಚ್ಚಾ?" ಎಂದು ಕೇಳಿದ. ನಾನು ಗಂಟಿನಲ್ಲಿ ಮುಖ ಮುಚ್ಚಿಕೊಂಡೆ. ನಗುವಿಗೋ ನಾಚಿಕೆಗೋ ನನಗೇ ಗೊತ್ತಾಗಲಿಲ್ಲ.

ಮೆಕ್ಯಾನಿಕ್ ಬಂದು ನೋಡಿ, ಎಂಜಿನ್ನಿಗೆ ಪೆಟ್ರೋಲು, ಕಿಡಿ ಎಲ್ಲವನ್ನೂ ಹೊತ್ತುಹೊತ್ತಿಗೆ ಕೊಡಿಸುವ ಕಂಪ್ಯೂಟರೊಂದಿದೆ, ಅದರ ಮೇಲೆ ಅನುಮಾನ, ಹೊಸದು ಹಾಕಿಸಿ ಎಂದ. "ಅನುಮಾನಕ್ಕೆಲ್ಲ ಹೊಸದು ಹಾಕಿಸೋಕೆ ನಾನೇನು ರಾಜನಾ? ಕಂಪ್ಯೂಟರ್ ಅಂದ್ರೂ ಅದೊಂದು ಬೋರ್ಡೇ ತಾನೇ" ಎಂದು ಅಪ್ಪ ಭಾನುವಾರ ಗೇಟಿನ ಮುಂದೆ ಬಾನೆಟ್ ಎತ್ತಿ ನಿಂತರು. ಬ್ಯಾಟರಿಯ ಪಕ್ಕದಲ್ಲಿ ದಪ್ಪ ಪುಸ್ತಕದಷ್ಟು ದೊಡ್ಡ ಅಲ್ಯೂಮಿನಿಯಂ ಡಬ್ಬಿ, ಅದೇ ಕಂಪ್ಯೂಟರ್. ಅನುಮಾನ ಬಗೆಹರಿಸಲು ಅವರು ತಂದದ್ದು ಏನು ಹೇಳು? ನಿನ್ನ ಹೇರ್ ಡ್ರೈಯರ್! ನಾನು ಡ್ರೈವರ್ ಸೀಟಿನಲ್ಲಿ ಕೂತು ಕೀ ತಿರುಗಿಸಿದೆ. ಎಂಜಿನ್ ಹಾಯಾಗಿ ಓಡುತ್ತಿತ್ತು. ಅಪ್ಪ ಡಬ್ಬಿಗೆ ಬಿಸಿಗಾಳಿ ಹಿಡಿದರು. ಸ್ವಲ್ಪ ಹೊತ್ತಿಗೆ ಎಂಜಿನ್ ಒಮ್ಮೆ ನಡುಗಿ, ಮಾತಿನ ಮಧ್ಯೆ ಎದ್ದುಹೋದವರ ಹಾಗೆ ನಿಂತಿತು. ಒದ್ದೆ ಬಟ್ಟೆಯಲ್ಲಿ ಡಬ್ಬಿಯನ್ನು ತಣಿಸಿದರೆ ಮತ್ತೆ ಓಡುತ್ತದೆ. ಬಿಸಿಗಾಳಿ ಹಿಡಿದರೆ ಮತ್ತೆ ನಿಲ್ಲುತ್ತದೆ. ನಂಬಿಕೆ ಬಾರದೆ ಮತ್ತೆ ಮತ್ತೆ ಮಾಡಿದರು. ಅಜ್ಜಿ ಜಗಲಿಯ ಮೇಲಿಂದ, "ಅವಳು ಬಾಯಿ ಬಡ್ಕೊಂಡ್ಳಲ್ಲೋ, ಮಧ್ಯಾಹ್ನದ ಬಿಸಿಲಲ್ಲಿ ಮಾತ್ರ ನಿಲ್ಲುತ್ತೆ ಅಂತ! ತಂಪು ಹೊತ್ತಲ್ಲಿ ಓಡಿಸಿ ದೊಡ್ಡ ಸಾರಥಿ ಆಗಿದ್ದೆ ನೀನು" ಎಂದಳು. ಅಪ್ಪ ಡ್ರೈಯರಿನ ವೈರು ಸುತ್ತತೊಡಗಿದರು. ನಾನು ತರಗತಿಯಲ್ಲಿ ಓದಿದ ವಿರಹದ ಪದ್ಯಗಳಲ್ಲಿ ಚಂದ್ರ, ತಂಗಾಳಿ, ಕೋಗಿಲೆ ಎಲ್ಲ ಇದ್ದವು. ಹೇರ್ ಡ್ರೈಯರ್ ಇರಲಿಲ್ಲ.

ಗುಜರಿಯಲ್ಲಿ ಹುಡುಕಿ, ಚೀಟಿಯ ಮೇಲೆ ಅದೇ ನಂಬರಿದ್ದ ಇನ್ನೊಂದು ಡಬ್ಬಿ ತಂದರು. ಬ್ಯಾಟರಿಯ ವೈರು ಬಿಚ್ಚಿ, ಎರಡು ದೊಡ್ಡ ಪ್ಲಗ್ಗುಗಳನ್ನು ಮಗುವಿನ ಕೈ ಬಿಡಿಸುವಂತೆ ಮೆಲ್ಲಗೆ ಎಳೆದು, ಹಳೆಯದನ್ನು ಹೊರಗೆ ತೆಗೆದರು. ಒಂದು ಬೋಲ್ಟು ಎಂಜಿನ್ನಿನ ಹೊಟ್ಟೆಯೊಳಗೆ ಬಿತ್ತು. ನನ್ನ ಸಪೂರ ಬೆರಳುಗಳಿಗೆ ಕೊನೆಗೂ ಒಂದು ಉಪಯೋಗ ಸಿಕ್ಕಿತು. ಸಂಜೆ ಹಳೆಯ ಡಬ್ಬಿಯ ಮುಚ್ಚಳ ಬಿಡಿಸಿ, ಭೂತಗನ್ನಡಿ ಹಿಡಿದು ನೋಡುತ್ತಿದ್ದವರು ನನ್ನನ್ನು ಕರೆದು "ನೋಡು" ಎಂದರು. ಒಂದು ಪಿನ್ನಿನ ಸುತ್ತ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಬಿಸಿಯಾದಾಗ ಅದು ಬಾಯಿ ಬಿಡುತ್ತದಂತೆ, ತಣಿದಾಗ ಕೂಡಿಕೊಳ್ಳುತ್ತದಂತೆ. ಇದೊಂದನ್ನು ಬೆಸೆದರೂ ಉಳಿದ ಪಿನ್ನುಗಳನ್ನು ನಂಬುವಂತಿಲ್ಲವಂತೆ. ಅಷ್ಟು ಹೇಳಿ ಎದ್ದು ಹೋಗಿ ಬಹಳ ಹೊತ್ತು ಕೈ ತೊಳೆದರು.

ಅವತ್ತಿನಿಂದ ಅವರು ಒಂದು ಕಡೆ ಕೂತಿಲ್ಲ ಅಮ್ಮಾ. ಚೆನ್ನಾಗಿ ಓಡುವ ಫ್ಯಾನನ್ನು ಇಳಿಸಿ ಬಿಚ್ಚುತ್ತಾರೆ. ಊಟದ ಮಧ್ಯೆ ಎದ್ದು ಗೇಟಿನ ತನಕ ಹೋಗಿಬರುತ್ತಾರೆ. ತಮ್ಮ ಕಾಲಿಗೆ ಸರಿಯಾಗಲೆಂದು ಹಿಂದೆ ತಳ್ಳಿದ್ದ ಡ್ರೈವರ್ ಸೀಟನ್ನು ನಿನ್ನೆ ಮತ್ತೆ ಮುಂದಕ್ಕೆ, ನೀನು ಇಟ್ಟುಕೊಳ್ಳುತ್ತಿದ್ದ ಜಾಗಕ್ಕೇ ತಂದಿಟ್ಟರು. ಅವರನ್ನು ನೋಡಿ ನೋಡಿ ನನಗೂ ಪುಸ್ತಕ ಹಿಡಿದರೆ ಪುಟ ಮುಂದೆ ಹೋಗುತ್ತಿಲ್ಲ.

ಗಾಡಿ ಮಾತ್ರ ಇನ್ನೂ ಸ್ಟಾರ್ಟ್ ಆಗಿಲ್ಲ. ಗುಜರಿಯ ಡಬ್ಬಿ ತನ್ನ ಹಳೆಯ ಗಾಡಿಯ ಕೀಯನ್ನೇ ನೆನಪಿಟ್ಟುಕೊಂಡಿದೆ, ನಮ್ಮ ಕೀ ಹಾಕಿದರೆ ಕಳ್ಳರೆಂದು ತಿಳಿದು ಕೆಂಪು ದೀಪ ಮಿಣುಕಿಸುತ್ತದೆ. ನಮ್ಮ ಕೀಯನ್ನು ಅದಕ್ಕೆ ಪರಿಚಯ ಮಾಡಿಸಬೇಕು. ಆ ಕೆಲಸ ಮಾಡುವ ಎಲೆಕ್ಟ್ರಿಷಿಯನ್ ಇವತ್ತು ಬೆಳಿಗ್ಗೆ ಲ್ಯಾಪ್‌ಟಾಪ್ ತಂದಿದ್ದ. ಅಪ್ಪ ಅವನ ಹತ್ತಿರ ಗೇಟಿನಲ್ಲೇ ಮಾತಾಡಿ ಕಳಿಸಿಬಿಟ್ಟು, ಒಳಗೆ ಬಂದು ನನಗೆ ಕಾಗದ ಬರೆಯಲು ಹೇಳಿದರು. ಮುಂದಿನ ಸಾಲುಗಳು ಅವರವು, ಪಕ್ಕದಲ್ಲಿ ನಿಂತು ಹೇಳಿ ಬರೆಸುತ್ತಿದ್ದಾರೆ: ಎರಡೂ ಕೀ ಒಟ್ಟಿಗೆ ಇಲ್ಲದೆ ಈ ಕೆಲಸ ಆಗುವುದಿಲ್ಲ. ಒಂದು ನಿನ್ನ ಚೀಲದಲ್ಲಿದೆ. ಅಂಚೆಯಲ್ಲಿ ಕಳಿಸಿದರೆ ಕಳೆದುಹೋಗುತ್ತದೆ, ನೀನೇ ತರಬೇಕು. ಲಾಡ್ಜಿನವರು ಬೇರೆಯವರನ್ನು ಹುಡುಕುವ ಮೊದಲು ಬಂದರೆ ಒಳ್ಳೆಯದು. ಇಷ್ಟೇ ಅವರ ಮಾತು. "ಮತ್ತೇನಾದ್ರೂ ಬರೀಲಾ ಅಪ್ಪಾ?" ಎಂದು ಕೇಳಿದೆ. "ಮತ್ತೇನಿದೆ?" ಎಂದು ಸ್ಕ್ರೂಡ್ರೈವರ್ ಹುಡುಕಲು ಹೋದರು. ಅದು ಅವರ ಕೈಯಲ್ಲೇ ಇತ್ತು.

ಮಾವನಿಗೆ, ಅತ್ತೆಗೆ ನನ್ನ ನಮಸ್ಕಾರ ತಿಳಿಸು. ಅಜ್ಜಿ ನಿನಗೆ ಆಶೀರ್ವಾದ ಹೇಳಿದ್ದಾಳೆ, ಮಾತ್ರೆ ತಪ್ಪಿಸಬೇಡ ಎಂದೂ ಹೇಳಿದ್ದಾಳೆ.

ನಿನ್ನ
ಗುಬ್ಬಿ

ತಾ.ಕ.: ಅಪ್ಪ ಕೀಯ ಸಾಲುಗಳನ್ನು ಎರಡೆರಡು ಸಲ ಓದಿಸಿ, ಕಾಗದ ಅಂಚೆಗೆ ಹಾಕಲು ನನ್ನನ್ನು ಕಳಿಸಿದರು. ಇದನ್ನು ಅಂಚೆ ಡಬ್ಬದ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಬೆಳಿಗ್ಗೆ ಆ ಎಲೆಕ್ಟ್ರಿಷಿಯನ್ ಹಿಂದೆ ಓಡಿ, ತಿರುವಿನಲ್ಲಿ ಅವನನ್ನು ನಿಲ್ಲಿಸಿ ನಾನೇ ಕೇಳಿದೆ. ಹೌದು, ನಾನೇ. ಒಂದು ಕೀ ಸಾಕಂತೆ, ಇನ್ನೊಂದನ್ನು ಯಾವತ್ತು ಬೇಕಾದರೂ ಸೇರಿಸಬಹುದಂತೆ. "ನಿಮ್ಮಪ್ಪನಿಗೂ ಅದನ್ನೇ ಹೇಳಿದೆ ಕಣಮ್ಮಾ, ಅವರೇ ಬೇಡ, ಆಮೇಲೆ ಬಾ ಅಂದ್ರು" ಎಂದ. ಸೋಮವಾರ ಅಪ್ಪ ಅಂಗಡಿಯಲ್ಲಿರುವಾಗ ಬರಲು ಹೇಳಿದ್ದೇನೆ. ಗಾಡಿ ಓಡುತ್ತದೆ, ಲಾಡ್ಜುಗಳು ಎಲ್ಲಿಗೂ ಹೋಗುವುದಿಲ್ಲ. ಆದ್ದರಿಂದ ಕೀ ಕೊಡಲೆಂದು ಬರಬೇಡ. ನಿನಗೆ ಬರಬೇಕು ಅನ್ನಿಸಿದರೆ ಮಾತ್ರ ಬಾ. ಬಂದರೆ, ಲಾಡ್ಜಿನ ಎದುರು ಆಡಿದ್ದು ತಪ್ಪು ಎಂದು ಅಪ್ಪ ಬಾಯಿಬಿಟ್ಟು ಹೇಳುವವರೆಗೆ ಗೇಟು ದಾಟಬೇಡ. ಎಷ್ಟು ಹೊತ್ತಾದರೂ ಆಗಲಿ, ನಿನಗೆ ಹೊರಗೆ ಕುರ್ಚಿ ನಾನು ತಂದು ಹಾಕುತ್ತೇನೆ.