ಬರ್ಕೋಬೇಡ್ರಿ ಎಂದ ಶೈಲಜಾ ಅವರಿಗೆ

ತಗ್ಗಿದ ಶಕೆ ನೂರ ಹದಿನೆಂಟು, ಮೂರನೆಯ ಶ್ರಾವಣದ ನಲವತ್ತನೆಯ ದಿನ
ದಾವಣಗೆರೆ

ಶೈಲಜಾ ಅವರಿಗೆ,

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಅಂಥ ದಿನವಿಲ್ಲ. ಮಳೆಗಾಲ ಉದ್ದವಾದಂತೆಲ್ಲ ನಾವು ಶ್ರಾವಣಗಳನ್ನು ಹೆಚ್ಚಿಸಿಕೊಂಡಿದ್ದೇವೆ. ಈ ಕಾಗದ ಹಿಂಟಪಾಲಿನಲ್ಲಿ ಬರುತ್ತಿದೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರ ಎನಿಸಿದರೆ ಕ್ಷಮಿಸಿ. ಅದರಾಚೆಗೆ ನನ್ನಿಂದ ಯಾವ ಮರ್ಯಾದೆಯನ್ನೂ ನಿರೀಕ್ಷಿಸಬೇಡಿ.

ನಿಮ್ಮ ಊರಿಗೆ ವಿಶ್ವವಿದ್ಯಾಲಯದಿಂದ ಒಬ್ಬ ಹುಡುಗಿ ಬರುತ್ತಾಳೆ; ನಿಮಗೆ ಅದು ಇನ್ನೂ ನಡೆಯಬೇಕಿರಬಹುದು, ನಮಗೆ ಎಂದೋ ನಡೆದುಹೋದದ್ದು. ಗಂಡ ಹೆಂಡಿರ ಸಂಬಂಧ, ಆಸೆ, ಹಾಸಿಗೆಯ ಸುಖದುಃಖಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದೇವೆ, ಸ್ವಇಚ್ಛೆಯಿಂದ ಭಾಗವಹಿಸುವವರು ಬೇಕು ಎನ್ನುತ್ತಾಳೆ. ವಿಷಯ ಕೇಳಿ ನಿಮ್ಮ ಬೀದಿಯಲ್ಲಿ ಕೆಲವರು ಥೂ ಎಂದರು, ಕೆಲವರು ಕಿಸಕ್ಕನೆ ನಕ್ಕು ಬಾಗಿಲು ಹಾಕಿಕೊಂಡರು. ಒಪ್ಪಿ ಒಳಗೆ ಕರೆದವರು ನೀವೊಬ್ಬರೇ. ಅಷ್ಟರಮಟ್ಟಿಗೆ ನೀವು ಗಟ್ಟಿಗಿತ್ತಿ, ಒಪ್ಪಿಕೊಳ್ಳುತ್ತೇನೆ. ಮುಂದೆ ಬಂದ ಪ್ರವಾಹಗಳಲ್ಲಿ ಆ ಸಂಶೋಧನೆಗೆಂದು ಬೇರೆ ಊರುಗಳಲ್ಲಿ ಮಾಡಿದ ಧ್ವನಿಮುದ್ರಣಗಳೆಲ್ಲ ಹಾಳಾದವು. ಕನ್ನಡದಲ್ಲಿ ಉಳಿದದ್ದು ನಿಮ್ಮದೊಂದೇ. ಪ್ರೀತಿಯ ಹೆಸರಿನಲ್ಲಿ ಕೊಲೆ, ಜಗಳ, ವಿಚ್ಛೇದನಗಳು ಮಿತಿಮೀರಿದ ಒಂದು ಕಾಲದಲ್ಲಿ ದಾಂಪತ್ಯ ಮಂಡಳಿ ಎಂಬುದು ಹುಟ್ಟಿ, ಒಂದೊಂದು ಭಾಷೆಯ ಜನಕ್ಕೂ ಸಂಸಾರದ ಒಂದು ಹದ ಗೊತ್ತುಮಾಡಿತು. ಕನ್ನಡದವರ ಹದ ಎಷ್ಟು ಎಂದು ಹುಡುಕಿದಾಗ ಸಿಕ್ಕಿದ್ದು ನೀವು. ನಮ್ಮ ಶಕೆ ಶುರುವಾದದ್ದೂ ಆವತ್ತಿನಿಂದಲೇ.

ನಿಮ್ಮ ಧ್ವನಿ ನಮಗೆ ಬಾಯಿಪಾಠ. ಶಾಲೆಯಲ್ಲಿ ಹಾಜರಿ ಆದ ಮೇಲೆ ಮಕ್ಕಳೆಲ್ಲ ಎದ್ದು ನಿಂತು, "ಏನೂ ತೊಂದ್ರೆ ಇಲ್ರೀ, ಹೊಂದ್ಕೊಂಡು ಹೋಗ್ತೀವಿ" ಎಂದು ನಿಮ್ಮ ರಾಗದಲ್ಲೇ ಹೇಳುತ್ತಾರೆ. ಮದುವೆಯಲ್ಲಿ ತಾಳಿ ಹೋಯಿತು, ಈಗ ಆ ಮಾತೇ ತಾಳಿ. ಮುದ್ರಣದ ನಡುವೆ ನಿಮ್ಮ ಕುಕ್ಕರ್ ಮೂರು ಸಲ ಕೂಗುತ್ತದೆ. ಅದರ ಅರ್ಥವೇನೆಂದು ಪಂಡಿತರು ಎರಡು ಪಂಗಡವಾಗಿ ಕಿತ್ತಾಡಿ, ಕೊನೆಗೆ ಮುಹೂರ್ತಕ್ಕೆ ಮೂರು ಸೀಟಿ ಊದುವುದೆಂದು ತೀರ್ಮಾನಿಸಿದರು. ಪ್ರತಿ ಮನೆಯ ಬಾಗಿಲ ಮೇಲೆ, ನೀವು ಮಾವಿನ ತೋರಣ ಕಟ್ಟುವ ಜಾಗದಲ್ಲಿ, ಹದಗೋಲು ಎಂಬ ಕಡ್ಡಿ ಇರುತ್ತದೆ. ಒಳಗಿನ ಗಂಡ ಹೆಂಡಿರ ಬಿಸಿ ನಿಮ್ಮ ಬಿಸಿಗಿಂತ ಏರಿದರೆ ಅದು ಕಿರುಚುತ್ತದೆ. ಕಿರುಚಿದ ಮನೆಯವರಿಗೆ ಇಳಿತ ಮಾಡುತ್ತಾರೆ. ಕಿವಿಯ ಹಿಂದೆ ಒಂದು ಸೂಜಿ, ಒಂದು ಮಧ್ಯಾಹ್ನದ ಕೆಲಸ. ನೋವಿಲ್ಲ. ಆಮೇಲೆ ನೋಯುವುದಕ್ಕೆ ಅಲ್ಲಿ ಏನೂ ಉಳಿದಿರುವುದಿಲ್ಲ.

ನಿಮ್ಮ ತಪ್ಪು ಎಂಥದ್ದು ಗೊತ್ತೇ? ಆ ಹುಡುಗಿ ನಿಮ್ಮೊಬ್ಬರ ಹತ್ತಿರವೇ ಮಾತಾಡಬೇಕು ಎಂದು ಎರಡೆರಡು ಸಲ ಕೇಳಿದಳು. ನೀವು ನಗುತ್ತ, "ಅತ್ತೆ ಇದ್ರೇನಾತ್ರೀ ಮೇಡಂ, ಅವ್ರೇನು ಹೊರಗಿನೋರಾ?" ಎಂದಿರಿ. ಅವಳ ಮುಂದೆ ಮಂಡಕ್ಕಿ, ಮಿರ್ಚಿ ಇಟ್ಟಿರಿ. ಸಂಶೋಧನೆಗೆ ಬಂದವಳನ್ನು ನೆಂಟಳು ಮಾಡಿಕೊಂಡು, ನೆಂಟರಿಗೆ ಹೇಳುವಂಥ ಉತ್ತರವನ್ನೇ ಕೊಟ್ಟಿರಿ. ಮನೆಗೆ ಬಂದವರ ಎದುರು ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಯಾರು ಹೇಳುತ್ತಾರೆ? ಪಕ್ಕದಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತ ಹೂಂಗುಟ್ಟುತ್ತಿದ್ದರು. ಆ ಹೂಂ ಕೂಡ ನಮ್ಮ ಪಠ್ಯದಲ್ಲಿದೆ.

ಅತ್ತೆ ಒಣಗಿದ ಬಟ್ಟೆ ತೆಗೆಯಲು ಮಾಳಿಗೆಗೆ ಹೋದಾಗ ನೀವು ದನಿ ತಗ್ಗಿಸಿ ಹೇಳಿದ್ದು ಮಾತ್ರ ಪಠ್ಯದಲ್ಲಿಲ್ಲ. ಅದನ್ನು ನನಗೆ ಹೇಳಿದವನು ನನ್ನ ಗಂಡ ನೇಸರ. ಮಂಡಳಿಯ ಧ್ವನಿಭಂಡಾರದಲ್ಲಿ ಅವನಿಗೆ ಹಳೆಯ ಮುದ್ರಣಗಳ ದೂಳು ತೆಗೆಯುವ ಕೆಲಸ. ಕೇಳಬಾರದ ತುಣುಕನ್ನು ಕೇಳಿಬಿಟ್ಟು, ಮನೆಗೆ ಓಡಿಬಂದು, ನಿಮ್ಮ ಹಾಗೆಯೇ ಪಿಸುಗುಟ್ಟಿದ: "ನಂಗೂ ಆಸೆ ಇರ್ತಾವ್ರೀ. ನಿಂಗೇನು ಬೇಕು ಅಂತ ಅವ್ರು ಒಂದಿನಾನೂ ಕೇಳಿಲ್ಲ." ಅಷ್ಟರಲ್ಲಿ ಮೆಟ್ಟಿಲ ಮೇಲೆ ಬಳೆ ಸದ್ದು. ತಕ್ಷಣ ನೀವು, "ಅಲ್ಲಲ್ಲ, ಅದನ್ನ ಬರ್ಕೋಬೇಡ್ರಿ" ಎಂದಿರಿ. ಹುಡುಗಿ ಒಳ್ಳೆಯವಳು, "ಆಯ್ತು ಮೇಡಂ, ಬೇಡ ಅನ್ನೋದು ನಿಮ್ಮ ಹಕ್ಕು" ಎಂದಳು. ಭಾಗವಹಿಸಿದವರು ಹಿಂತೆಗೆದುಕೊಂಡ ಮಾತನ್ನು ಯಾರೂ ಎಂದೂ ಬಳಸಬಾರದಂತೆ. ಯಾವ ಹಕ್ಕನ್ನೂ ಲೆಕ್ಕಕ್ಕಿಡದ ನಮ್ಮ ಮಂಡಳಿ ನಿಮ್ಮ ಆ ಒಂದು ಹಕ್ಕನ್ನು ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಪಾಡಿದೆ.

ನಿಮ್ಮ ಮಾತು ಒಪ್ಪಿಸಿದ ಮೇಲೆ ನೇಸರ ನನ್ನ ಮುಖವನ್ನೇ ನೋಡಿದ. "ನಿಂಗೇನು ಬೇಕು?" ಎಂದು ಕೇಳಿದ. ನಮ್ಮ ಕಾಲದಲ್ಲಿ ಯಾರೂ ಯಾರನ್ನೂ ಕೇಳದ ಪ್ರಶ್ನೆ ಅದು. ನಾನು ಹೇಳಿದೆ. ನಾಚಿಕೆ ಬಿಟ್ಟು, ಅಳುತ್ತ, ನಗುತ್ತ ಎಲ್ಲವನ್ನೂ ಹೇಳಿದೆ. ಹದಗೋಲು ಬೀದಿಗೆಲ್ಲ ಕೇಳುವಂತೆ ಕಿರುಚಿತು. ಮರುದಿನ ಅವನನ್ನು ಕರೆದುಕೊಂಡು ಹೋದರು. ಸಂಜೆಗೆ ತಲೆ ಬಾಚಿಕೊಂಡು ಅವನೇ ನಡೆದು ಬಂದ.

ಊಟಕ್ಕೆ ಕೂತಾಗ ಯಾರಿಗೂ ಕಾಣದಂತೆ ನನ್ನ ಪಾದ ತುಳಿಯುವುದು ಅವನ ಚಾಳಿಯಾಗಿತ್ತು. ಆವತ್ತು ನಾನೇ ಅವನ ಪಾದದ ಮೇಲೆ ಪಾದ ಇಟ್ಟೆ. ಅವನು ಕಾಲು ಹಿಂದಕ್ಕೆ ಎಳೆದುಕೊಂಡು, "ಜಾಗ ಸಾಲ್ದೇನು?" ಎಂದು ಸೌಜನ್ಯದಿಂದ ಕೇಳಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನನಗಾಗಿ ಇನ್ನಷ್ಟು ಸರಿದು ಕೂತು, ಅನ್ನ ಕಲಸಿಕೊಂಡ.

ನಾಳೆ ಮಧ್ಯಾಹ್ನ ನನ್ನ ಸರದಿ.

ಹಿಂಟಪಾಲು ನಾಲ್ಕಾರು ದಿನ ಹಿಂದುಮುಂದಾಗುತ್ತದೆ. ಆ ಹುಡುಗಿ ಬರುವ ಮೊದಲೇ ಇದು ಕೈಸೇರಿದರೆ, ಅತ್ತೆ ಮೆಟ್ಟಿಲಿಳಿದು ಬರಲಿ, ಪಕ್ಕದಲ್ಲಿ ಕೂರಲಿ, ನೀವು ಮಾತು ನುಂಗಬೇಡಿ. ಬರ್ಕೊಳ್ರಿ ಎನ್ನಿ. ಏನಾದೀತು? ಅತ್ತೆ ನಾಲ್ಕು ದಿನ ಮುಖ ಊದಿಸಿಕೊಂಡಾರು, ಗಂಡ ತಟ್ಟೆ ತಳ್ಳಿ ಎದ್ದಾನು. ಒಂದೆರಡು ಏಟೂ ಬಿದ್ದಾವು. ನಿಮಗೆ ನೋವಾಗುತ್ತದೆ ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ, ಏಕೆಂದರೆ ನನಗೆ ನಿಮಗಿಂತ ನನ್ನ ಗಂಡ ಮುಖ್ಯ. ಅವಳು ಬಂದು ಹೋದ ಮೇಲೆ ಸಿಕ್ಕಿದರೆ, ಇದನ್ನು ಹರಿದು ಹಾಕಬೇಡಿ. ದಿನವೂ ಓದಿ. ನಿಮ್ಮ ಪಕ್ಕದಲ್ಲಿ ಮಲಗಿದವನು ನಿಮ್ಮನ್ನು ಏನೂ ಕೇಳದೆ ನಿದ್ದೆಹೋದಾಗಲೆಲ್ಲ ನನ್ನ ನೆನಪಾಗಲಿ.

ನಾಳೆ ಸಂಜೆಗೆ ನನಗೆ ನಿಮ್ಮ ಮೇಲೆ ಸಿಟ್ಟಿರುವುದಿಲ್ಲ. ಅದನ್ನು ಕ್ಷಮೆ ಎಂದುಕೊಳ್ಳಬೇಡಿ.

ಇವತ್ತಿನ ಮಟ್ಟಿಗೆ ನೇಸರನ ಹೆಂಡತಿ,
ಹೊಂಬಾಳೆ