ಕಣ್ಣಿಗೆ ಬಿದ್ದ ಸುಣ್ಣ

ಮೇ 24, ಶನಿವಾರ. ಪುಲ್ಪಳ್ಳಿ

ಆಸ್ಪತ್ರೆಯಲ್ಲಿ ನಾನು ಸುಮ್ಮನಿದ್ದುದು ತಪ್ಪು. ಇಲ್ಲಿಯಾದರೂ ಬರೆದಿಡಬೇಕು.

ಬೆಳಗ್ಗೆ ಕಾಳುಮೆಣಸಿನ ಬಳ್ಳಿಗೆ ಕೊಳೆರೋಗ ಬಾರದಂತೆ ಹೊಡೆಯಲು ಬೋರ್ಡೋ ದ್ರಾವಣ ಮಾಡುತ್ತಿದ್ದೆವು. ಬರೀ ಮೈಲುತುತ್ತದ ನೀರು ಆಮ್ಲೀಯ, ಎಲೆಯನ್ನು ಸುಡುತ್ತದೆ. ಅದಕ್ಕೇ ಸುಣ್ಣ ಸೇರಿಸುವುದು. ಕೆಲಸಕ್ಕೆ ಬಂದ ಕಾಳನ್ ಸುಣ್ಣದ ನೀರು ಬಗ್ಗಿಸುವಾಗ ಬಕೆಟ್ ಜಾರಿ ಅವನ ಎಡಗಣ್ಣಿಗೆ ಸಿಡಿಯಿತು. ಅವನು ಅಲ್ಲೇ ಕುಸಿದು ಕೂತ.

ಸುಣ್ಣ ಪ್ರತ್ಯಾಮ್ಲ, ಆಮ್ಲ ಸೇರಿದರೆ ತಟಸ್ಥವಾಗುತ್ತದೆ. ಹತ್ತೊಂಬತ್ತು ವರ್ಷ ಶಾಲೆಯಲ್ಲಿ ನಾನು ಹೇಳಿದ್ದು ಅದನ್ನೇ. ಅಡುಗೆಮನೆಗೆ ಓಡಿ ನಿಂಬೆಹಣ್ಣು ಕತ್ತರಿಸಿ ತಂದೆ.

ಅವನ ಹೆಂಡತಿ ಮಾದಿ ನನ್ನ ಕೈ ತಡೆದಳು. "ಕಣ್ಣಿಗೆ ಹುಳಿಯಾ ಟೀಚರೇ? ಬೇಡ. ಬರೀ ನೀರು ಸಾಕು."

ಟ್ಯಾಂಕಿನ ಪೈಪು ಎಳೆದುಕೊಂಡು, ರೆಪ್ಪೆ ಬಿಡಿಸಿ ಹಿಡಿದು, ಜೀಪು ಬರುವವರೆಗೆ ಅರ್ಧ ಗಂಟೆ ನೀರು ಬಿಟ್ಟಳು.

ದೃಷ್ಟಿ ಉಳಿಯುತ್ತದೆ ಎಂದರು ಡಾಕ್ಟರ್. "ನೀರಲ್ಲದೆ ಬೇರೇನಾದರೂ ಹಾಕಿದ್ದರೆ ಇನ್ನಷ್ಟು ಸುಡುತ್ತಿತ್ತು. ನೀರು ಬಿಡಬೇಕೆಂದು ಯಾರಿಗೆ ಹೊಳೆಯಿತು?"

ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಕಾಳನ್ ಹೇಳಿದ, "ನಮ್ಮ ಟೀಚರು ಇದ್ರಲ್ಲ. ಅವರಿಗೆ ಇದೆಲ್ಲ ಗೊತ್ತುಂಟು."

ಡಾಕ್ಟರ್ ನನ್ನತ್ತ ನೋಡಿ ತಲೆದೂಗಿದರು. ನಾನು ಅಲ್ಲವೆನ್ನಲಿಲ್ಲ. ಮಾದಿ ಗಂಡನ ಕೆನ್ನೆಗೆ ಇಳಿದಿದ್ದ ಔಷಧಿ ಒರೆಸುತ್ತಿದ್ದಳು.

ವಾಪಸು ಬರುವಾಗ ಜೀಪಿನಲ್ಲಿ ಅವಳೇ ಮಾತಾಡಿದಳು. "ಸ್ಕೂಲು ತೆರೆದ್ರೆ ಮಕ್ಕಳಿಗೂ ಹೇಳಿ ಟೀಚರೇ, ಕಣ್ಣಿಗೆ ನೀರು ಮಾತ್ರ ಅಂತ." ದನಿಯಲ್ಲಿ ಮುನಿಸು ಇರಲಿಲ್ಲ.

ಹೇಳುತ್ತೇನೆ ಎಂದೆ. ಯಾರು ಕಲಿಸಿದ್ದೆಂದೂ ಹೇಳಬೇಕು. ಅದಕ್ಕೂ ಮೊದಲು ಕಾಳನ್‌ಗೆ, ನಾಳೆ ಬೆಳಗ್ಗೆಯೇ, ಅವಳ ಎದುರಿಗೇ ಹೇಳಬೇಕು: ನಿಂಬೆ ತಂದದ್ದು ನಾನು, ನೀರು ಸಾಕೆಂದದ್ದು ಮಾದಿ.