ಒಡೆಯದೆ ಉಳಿದ ಇರುವೆ ಪುಡಿ ಡಬ್ಬಿ

ಅಕ್ಕಾ,

ಮೊದಲು ಉಸಿರು ಬಿಡು, ನನ್ನ ಕೆಲಸ ಹೋಗಿಲ್ಲ.

ಈ ಹಳೆಯ ಕಲ್ಲು ಕ್ವಾರಿಯಲ್ಲಿ ಮತ್ತೆ ಕಾಡು ಬೆಳೆಸಲೆಂದು ದಾರ ಹಿಡಿದು ಸಾಲಾಗಿ ಬಿತ್ತಿದ ಬೀಜವನ್ನೆಲ್ಲ ಇರುವೆಗಳು ಹೊತ್ತುಕೊಂಡು ಹೋದವೆಂದು ಹೋದ ತಿಂಗಳು ಅತ್ತುಕೊಂಡು ಬರೆದಿದ್ದೆನಲ್ಲ? ನೀನು ಕಳಿಸಿದ, ಇರುವೆ ಸಾಯಿಸುವ ಪುಡಿ ಕೈಸೇರಿದ ದಿನವೇ ಜ್ವರ ಬಂದು ಹನ್ನೆರಡು ದಿನ ಮಲಗಿಬಿಟ್ಟೆ. ನಡುವೆ ಒಳ್ಳೆಯ ಮಳೆಯೂ ಆಯಿತು. ಇವತ್ತು ಬೆಳಿಗ್ಗೆ ಡಬ್ಬಿ ಹಿಡಿದು, ಗೂಡುಗೂಡಿಗೂ ಸುರಿದೇ ಬರುತ್ತೇನೆಂದು ಹಲ್ಲು ಕಚ್ಚಿಕೊಂಡು ಹೊರಟೆ. ನನ್ನ ಸಾಲುಗಳೆಲ್ಲ ಬೋಳು. ಆದರೆ ಒಂದೊಂದು ಇರುವೆ ಗೂಡಿನ ಬಾಯಿಯ ಸುತ್ತಲೂ ಬಳೆ ಇಟ್ಟ ಹಾಗೆ ದುಂಡಗೆ ಹಸಿರು ಮೊಳಕೆ! ಒಂದರ ಸುತ್ತಲೇ ನಲವತ್ತೊಂದು ಎಣಿಸಿದೆ.

ಸಸಿ ನೋಡಿಕೊಳ್ಳುವ ಅಜ್ಜಿ ನಕ್ಕೂ ನಕ್ಕೂ ಸುಸ್ತಾದರು. "ಬೀಜದ ತುದೀಲಿ ಜಿಡ್ಡಿನ ಚೂರೊಂದು ಅಂಟಿರತ್ತಲ್ಲ, ಅವು ತಿನ್ನೋದು ಅದನ್ನಷ್ಟೇ. ಮಿಕ್ಕಿದ್ದನ್ನ ಕಸದ ಜೊತೆ ಹೊರಗೆ ಹಾಕ್ತವೆ. ಆ ಕಸಾನೇ ಗೊಬ್ಬರ ಕಣಮ್ಮ."

"ಮೊದಲೇ ಹೇಳಬಾರದಿತ್ತಾ ಅಜ್ಜಿ?"

"ನೀನೆಲ್ಲಿ ಕೇಳಿದೆ? ದಾರ ಎಳೆಯೋದ್ರಲ್ಲೇ ಇದ್ದೆ!"

ನನ್ನನ್ನು ಮನೆಗೆ ಕಳಿಸುತ್ತೇನೆಂದು ಹಾರಾಡುತ್ತಿದ್ದ ಮೇಲ್ವಿಚಾರಕರು ಮಂಡಿಯೂರಿ ಕೂತು ಮೊಳಕೆಗಳ ಫೋಟೊ ತೆಗೆದುಕೊಂಡು ಹೋದರು. ಹೋಗುವಾಗ, "ನಾಳೆ ಬೇಗ ಬಾ" ಅಂದರು.

ಜ್ವರ ಪೂರ್ತಿ ಬಿಟ್ಟಿದೆ, ಊಟ ಸೇರುತ್ತಿದೆ. ಅಮ್ಮನಿಗೆ ಈ ಕಾರ್ಡು ತೋರಿಸಬೇಡ, ಜ್ವರವೆಂದರೆ ಸುಮ್ಮನೆ ಗಾಬರಿಯಾಗುತ್ತಾಳೆ. ಜಾಗ ಮುಗಿಯಿತು. ನಿನ್ನ ಡಬ್ಬಿಯನ್ನು ಒಡೆಯದೆ ಹಾಗೇ ವಾಪಸ್ ತರುತ್ತೇನೆ. ಆ ಜ್ವರ ಒಂದೇ ಒಂದು ದಿನ ತಡವಾಗಿ ಬಂದಿದ್ದರೆ, ಅಕ್ಕಾ, ಇರುವೆಗಳ ಜೊತೆ ಈ ಕಾಡನ್ನೂ ನಾನೇ ಕೈಯಾರೆ ಕೊಂದಿರುತ್ತಿದ್ದೆ.

ನಿನ್ನ ತಂಗಿ